ಕಣ್ಣು ತೆರೆಸಲು ತಂದ ಚಿತ್ರ

ಅಂದು ನಾನು ನಿಂತದ್ದು ನಮ್ಮೂರು ಸಂಖದಲ್ಲಿ, ಇಮಾಮಸಾಬನ ಫೋಟೋ ಸ್ಟುಡಿಯೋದೊಳಗೆ, ಅವನ ಕುರ್ಚಿಯ ಬೆನ್ನು ಹಿಡಿದು, ಕಂಪ್ಯೂಟರಿನ ಪರದೆಗೆ ನೇರವಾಗಿ. ಎರಡು ಸಾವಿರದ ನಾಲ್ಕನೆಯ ಇಸವಿ, ಶ್ರಾವಣದ ಒಂದು ಮಧ್ಯಾಹ್ನ. ಇದು ಈಗ ನೆನಪಾಗಲು ಕಾರಣವಿದೆ. ನಿನ್ನೆ ಮೊಬೈಲಿಗೆ ಬಂದ ಮದುವೆಯ ಚಿತ್ರವೊಂದರಲ್ಲಿ ಹಿಂದೆ ನಿಂತವರು ಯಾರೆಂದು ನೋಡಲು ಎರಡು ಬೆರಳಿನಿಂದ ಹಿಗ್ಗಿಸಿದೆ. ಮುಖಗಳೆಲ್ಲ ಚೌಕ ಚೌಕವಾಗಿ ಒಡೆದವು. ಫೋನನ್ನು ಬೋರಲು ಹಾಕಿದೆ.

ನಮ್ಮಲ್ಲಿ ಲಿಂಗವಂತರು ಸತ್ತವರನ್ನು ಕುಳ್ಳಿರಿಸಿ ಪೂಜಿಸುತ್ತಾರೆ, ಕುಳ್ಳಿರಿಸಿಯೇ ಒಯ್ಯುತ್ತಾರೆ ಎಂಬುದು ನಿಮಗೆ ಗೊತ್ತಿರಬಹುದು. ಹಿಂದೆ ಎಷ್ಟೋ ಮನೆಗಳಿಗೆ ಫೋಟೋದವನು ಕಾಲಿಡುತ್ತಿದ್ದದ್ದು ಅಂದೇ ಮೊದಲು. ಹಾಗಾಗಿ ಗೋಡೆಯ ಮೇಲೆ ಉಳಿಯುತ್ತಿದ್ದದ್ದು ಆ ಚಿತ್ರವೇ: ಹಣೆತುಂಬ ವಿಭೂತಿ, ಕೊರಳಲ್ಲಿ ಹಾರ, ಮುಚ್ಚಿದ ಕಣ್ಣು. ಮಕ್ಕಳು ದೊಡ್ಡವರಾದ ಮೇಲೆ ಅದನ್ನು ಕಣ್ಣು ತೆರೆಸಲು ತರುತ್ತಿದ್ದರು. ಇಮಾಮಸಾಬನ ತಂದೆ ಸಣ್ಣ ಕುಂಚದಿಂದ ತೆರೆಸುತ್ತಿದ್ದರು. ಇಮಾಮಸಾಬ ಕಂಪ್ಯೂಟರಿನಲ್ಲಿ ಬೇರೆ ಯಾರದೋ ಕಣ್ಣು ತಂದು ಕೂಡಿಸುತ್ತಿದ್ದ. ಸಂಖದ ಎಷ್ಟೋ ಮನೆಗಳ ಹಿರಿಯರು ಒಂದೇ ಜೋಡಿ ಕಣ್ಣಿನಿಂದ ನೋಡುತ್ತಾರೆ. ನನ್ನ ಅಪ್ಪನೂ ಅವರಲ್ಲೊಬ್ಬ. ಆಗ ಐವತ್ತರ ಸನಿಹದ ಮಾಸ್ತರನಾಗಿದ್ದ ನಾನು ಆ ಗೋಡೆಗೆ ಬೆನ್ನು ಮಾಡಿಯೇ ಊಟಕ್ಕೆ ಕೂರುತ್ತಿದ್ದೆ.

ಅಂದು ಬೆಳುಂಕಿಯ ನೀಲವ್ವ ಅಂಥದೇ ಚಿತ್ರವೊಂದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಳು. ಅದು ಅವಳ ತಾಯಿ ಗಂಗವ್ವನದು. ನೀಲವ್ವ ತೊಟ್ಟಿಲಲ್ಲಿದ್ದಾಗಲೇ ತೀರಿಹೋದ ತಾಯಿ. ಜೊತೆಗೆ ಅವಳನ್ನು ಸಾಕಿದ ಚಿಗವ್ವ ರಾಚವ್ವ, ಗಂಗವ್ವನ ತಂಗಿ.

"ಕಣ್ಣ ತಗಸಬೇಕ್ರಿ ಕಾಕಾ," ಎಂದಳು ನೀಲವ್ವ. "ಮಗಳ ಲಗ್ನ ಐತಿ. ಅವ್ವ ಕಣ್ಣ ಮುಚ್ಚಿಕೊಂಡ ಕುಂತ್ರ ಹ್ಯಾಂಗ?"

"ಕುಂದ್ರಿ ತಂಗಿ. ಮಿಷನ್ ಕೆಲಸದಾಗ ಐತಿ," ಎಂದ ಇಮಾಮಸಾಬ.

ಕೆಲಸ ಇಷ್ಟೇ. ತಂದೆ ತೆಗೆದಿದ್ದ ಹಳೆಯ ಫೋಟೋಗಳಿಗೆ ಒರಲೆ ಹಿಡಿಯತೊಡಗಿದ್ದರಿಂದ ಅವನು ಎಲ್ಲವನ್ನೂ ಸ್ಕ್ಯಾನ್ ಮಾಡಿ, ಕಾಗದಗಳನ್ನು ಸುಟ್ಟುಹಾಕಿದ್ದ. ಬಿಎಂಪಿ ಎಂಬ ದೊಡ್ಡ ದೊಡ್ಡ ಫೈಲುಗಳು, ಕಂಪ್ಯೂಟರಿನಲ್ಲಿ ಜಾಗವಿಲ್ಲದಾಯಿತು. ಒಂದೊಂದನ್ನೇ ತೆರೆದು ಜೆಪೆಗ್ ಎಂಬ ಸಣ್ಣ ಫೈಲು ಮಾಡುತ್ತ ಬೇಸತ್ತಿದ್ದವನಿಗೆ ಜತ್ತದ ಗೆಳೆಯನೊಬ್ಬ ಹೊಸ ಪ್ರೋಗ್ರಾಂ ಕೊಟ್ಟಿದ್ದ. ಒಮ್ಮೆ ಹೇಳಿಟ್ಟರೆ ಸಾಕು, ಅದು ಎಲ್ಲ ಚಿತ್ರಗಳನ್ನೂ ಸಾಲಾಗಿ ಬದಲಿಸುತ್ತದೆ, ಅಳತೆ ಇಳಿಸುತ್ತದೆ, ಮೂಲವನ್ನು ಅಳಿಸುತ್ತದೆ.

"ಹಿಟ್ಟಿನ ಗಿರಣಿ ಇದ್ದಂಗ ಗುರೂಜಿ," ಎಂದ ನನಗೆ. "ಮ್ಯಾಲ ಸುರದ್ರ ಸಾಕು, ಕೆಳಗ ತಾನ ಬೀಳತೈತಿ. ನಾ ಚಾ ಕುಡೀಬಹುದು."

"ಮತ್ತ ನಮಗ ತರಸು, ಒಬ್ಬನ ಕುಡಿಯಾಕತ್ತಿ," ಎಂದಳು ರಾಚವ್ವ.

ಬದಲಾದ ಪ್ರತಿ ಚಿತ್ರವೂ ಪರದೆಯ ಮೇಲೆ ಒಂದು ಕ್ಷಣ ನಿಂತು ಹೋಗುತ್ತಿತ್ತು. ಗುಡ್ಡಾಪುರದ ದಾನಮ್ಮನ ಗುಡಿಯ ಮುಂದೆ ನಿಂತ ಜೋಡಿಗಳು, ಪೇಟ ಸುತ್ತಿದ ಮುದುಕರು, ಕುರ್ಚಿಯಲ್ಲಿ ಕೂತ ಸತ್ತವರು. ಆಮೇಲೆ ಯಾರದೋ ಮದುವೆ. ಮುಂದೆ ಮದುಮಕ್ಕಳು, ಅವರ ಹಿಂದೆ, ಬಾಗಿಲ ಹತ್ತಿರ, ಕೊಡ ಹೊತ್ತ ಒಬ್ಬಳು.

"ಅಕ್ಕಾ," ಎಂದಳು ರಾಚವ್ವ. ಕೂಗಲಿಲ್ಲ, ಒಳಮನೆಯಲ್ಲಿದ್ದವರನ್ನು ಕರೆಯುವಂತೆ ಕರೆದಳು. ಅಷ್ಟರಲ್ಲಿ ಚಿತ್ರ ಹೋಗಿತ್ತು. "ನಿಲ್ಲಸೋ ಇಮಾಮ! ನಮ್ಮ ಅಕ್ಕ ಅದಾಳ ಅದರಾಗ!"

ಇಮಾಮಸಾಬ ಗುಂಡಿ ಒತ್ತಿದ. ಗಿರಣಿ ನಿಂತಿತು. ಹುಡುಕಿ ಆ ಚಿತ್ರವನ್ನು ತೆರೆದ. ಬಾಗಿಲಿನವಳನ್ನು ಹಿಗ್ಗಿಸಿದ. ಮುಖವಿರಲಿಲ್ಲ, ಬೂದು ಕಂದು ಚೌಕಗಳಿದ್ದವು. ಮತ್ತೆ ಹಿಗ್ಗಿಸಿದ, ಚೌಕಗಳೇ ದೊಡ್ಡವಾದವು. ಮೂಲ ಫೈಲನ್ನು ಎಲ್ಲೆಲ್ಲೋ ಹುಡುಕಿದ. ಅವನ ಕುತ್ತಿಗೆ ಬೆವರಿದ್ದು ನನಗೆ ಕಾಣುತ್ತಿತ್ತು.

"ದೊಡ್ಡದರಾಗ ಮುಖ ಇತ್ತು ತಂಗಿ," ಎಂದ ಕೊನೆಗೆ. "ಈಗ ಅದು ಇಲ್ಲ. ಹಿಟ್ಟ ಆದ ಮ್ಯಾಲ ಕಾಳ ಆಗಂಗಿಲ್ಲ."

"ಆ ಮದುವಿ ಮನಿಯವರ ಹತ್ರ ಇರಬೇಕಲ್ಲ?" ಎಂದೆ ನಾನು.

"ಅವ್ರು ಊರ ಬಿಟ್ಟು ಎಲ್ಲಿ ಹೋದ್ರೋ, ಯಾರಿಗೆ ಗೊತ್ತ್ರಿ?" ಎಂದಳು ರಾಚವ್ವ.

ನೀಲವ್ವ ಪರದೆಯ ಸನಿಹ ಹೋದವಳು, ಚೌಕಗಳು ಇನ್ನೂ ದೊಡ್ಡವಾಗಿ ಕಂಡವೋ ಏನೋ, ಹಿಂದೆ ಹಿಂದೆ ಸರಿಯುತ್ತ ಬಾಗಿಲವರೆಗೆ ಬಂದಳು.

"ಸಣ್ಣದು ಮಾಡ್ರಿ ಕಾಕಾ. ಮೊದಲ ಹ್ಯಾಂಗಿತ್ತೋ ಹಂಗ."

ಅವನು ಮಾಡಿದ. ಆಗ ನನಗೂ ಕಂಡಿತು. ಒಂದು ಕೈ ತಲೆಯ ಮೇಲಿನ ಕೊಡಕ್ಕೆ. ಇನ್ನೊಂದು ಕೈ ಸೆರಗನ್ನು ಬಾಯಿಗೆ ಒತ್ತಿಕೊಂಡಿತ್ತು. ಭುಜ ಒಂದು ಬದಿಗೆ ವಾಲಿತ್ತು. ಕೊಡದ ನೀರು ತುಳುಕೀತೆಂದು ತಡೆದರೂ ತಡೆಯಲಾಗದೆ ನಗುವವರು ಹಾಗೆ ನಿಲ್ಲುತ್ತಾರೆ.

"ಹಿಂಗ ನಗತಿದ್ಳು ನಿಮ್ಮವ್ವ," ಎಂದಳು ರಾಚವ್ವ. "ನೀನೂ ಹಿಂಗ ನಗತಿ. ನಿನಗ ಯಾರ ಕಲಿಸ್ಯಾರ ಅಂತ ನಾ ಕೇಳತಿದ್ದಿಲ್ಲೇನ?"

ನೀಲವ್ವ ಮೇಜಿನ ಮೇಲಿದ್ದ ಚಿತ್ರವನ್ನು ಮತ್ತೆ ಟವೆಲಿನಲ್ಲಿ ಸುತ್ತಿದಳು. "ಇದರ ಕಣ್ಣ ತಗಸೂದ ಬ್ಯಾಡ್ರಿ ಕಾಕಾ. ಮಲಗಿದಾಕಿ ಮಲಗಲಿ. ಅದನ್ನ ತಗದ ಕೊಡ್ರಿ, ಇದ್ದಷ್ಟ." ಇಮಾಮಸಾಬ ಅಂಗೈಯಗಲದ ಒಂದು ಪ್ರತಿ ತೆಗೆದುಕೊಟ್ಟ. ಆ ದಿನ ಗಿರಣಿಯನ್ನು ಮತ್ತೆ ಚಾಲೂ ಮಾಡಲಿಲ್ಲ.

ಫೋನನ್ನು ಎತ್ತಿಕೊಂಡು, ನಿನ್ನೆಯ ಚಿತ್ರವನ್ನು ಮೊದಲಿನ ಅಳತೆಗೆ ತಂದು, ಕೈ ಚಾಚಿ ದೂರ ಹಿಡಿದು ನೋಡಿದೆ. ಹಿಂದೆ ನಿಂತವರಲ್ಲಿ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ಒಂದು ಬದಿಗೆ ವಾಲಿದ್ದಳು. ನೀಲವ್ವನನ್ನು ಗುರುತಿಸಲು ಮುಖ ಬೇಕಾಗಲಿಲ್ಲ. ಇಮಾಮಸಾಬ ಈಗಿಲ್ಲ, ರಾಚವ್ವನೂ ಇಲ್ಲ. ಅಂದು ಗಂಗವ್ವನ ಆ ನಗು ಕಂಡವರಲ್ಲಿ ಉಳಿದವರು ನಾನು, ಮತ್ತು ಬೆಳುಂಕಿಯಲ್ಲಿರುವ ನೀಲವ್ವ.