ಬಲ್ಕಿಂಗ್ ಟೂಲಿಗೆ ಬರೆಯದೆ ಬಿಟ್ಟ ಸಾಲು

ಕಳೆದ ಕಾಫಿ ಸೀಸನ್ನಿನಲ್ಲಿ ನಾನು ಬಾಳ್ಳುಪೇಟೆ ಹತ್ತಿರದ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ತಾತ್ಕಾಲಿಕ ಟೆಕ್ನಿಕಲ್ ರೈಟರ್ ಆಗಿದ್ದೆ. ಸಾಫ್ಟ್‌ವೇರನ್ನು ಹೇಗೆ ಬಳಸಬೇಕೆಂದು ಬರೆದಿಡುವುದು ಈ ಉದ್ಯೋಗ. ಇಂಜಿನಿಯರುಗಳ ಲೆಕ್ಕದಲ್ಲಿ ನಾವು ಎಲೆ ತುದಿಯ ಉಪ್ಪಿನಕಾಯಿ. ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಬಹಳ ವರ್ಷಗಳಿಂದ ಈ ತಾತ್ಸಾರವನ್ನು ಕಂಡಿದ್ದೇನೆ. ನನಗೂ ಅವರ ಮೇಲೆ ಅಷ್ಟೇ ತಾತ್ಸಾರವಿದೆ.

ಕ್ಯೂರಿಂಗ್ ವರ್ಕ್ಸ್ ಎಂದರೆ ಬೆಳೆಗಾರರು ಒಣಗಿಸಿ ತಂದ ಕಾಫಿಯ ಸಿಪ್ಪೆ ತೆಗೆದು, ಗ್ರೇಡ್ ಮಾಡಿ, ಮಾರುವತನಕ ಸ್ಟೋರಿನಲ್ಲಿ ಇಟ್ಟುಕೊಳ್ಳುವ ಜಾಗ. ಅಲ್ಲಿಗೆ ನನ್ನನ್ನು ಕಳಿಸಿದ್ದ ಬೆಂಗಳೂರಿನ ಒಂದು ಕಂಪನಿ ಎಐ ಏಜೆಂಟ್ ಕೂರಿಸುತ್ತಿತ್ತು. ಮ್ಯಾನೇಜರ್ ಫೋನಿನಲ್ಲಿ ಕನ್ನಡದಲ್ಲೇ ಕೆಲಸ ಬರೆದರೆ ಸಾಕು, ಯಾವ ಟೂಲ್ ಬೇಕೆಂದು ಏಜೆಂಟ್ ತಾನೇ ಆರಿಸಿಕೊಂಡು ಆರ್ಡರ್ ಹೊರಡಿಸುತ್ತದೆ. ಟೂಲ್ ಎಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಪ್ರೋಗ್ರಾಮ್. ಏಜೆಂಟ್ ಗೋದಾಮಿಗೆ ಬಂದು ಕಣ್ಣಿಂದ ನೋಡುವುದಿಲ್ಲ. ಪ್ರತಿ ಟೂಲಿನ ಜೊತೆ ಬರೆದಿಟ್ಟ ವಿವರಣೆಯೇ ಅದಕ್ಕೆ ಕಣ್ಣು.

ಆ ವಿವರಣೆಗಳನ್ನು ಬರೆದವನು ಪ್ರಾಜೆಕ್ಟಿನ ಮುಖ್ಯಸ್ಥ ಪ್ರಶಾಂತ. ಮಾತಿಗೆ ನಿಂತರೆ ಕ್ರಾಂತಿ, ಪರಿವರ್ತನೆ ಎನ್ನುತ್ತಿದ್ದ. ಬರೆಯಲು ಕೂತರೆ ಅಡ್ಡಗೋಡೆ ಮೇಲೆ ದೀಪ ಇಡುತ್ತಿದ್ದ. ಒಂದು ಟೂಲಿಗೆ ‘ಲಾಟ್‌ಗಳ ಸ್ಥಳಾವಕಾಶವನ್ನು ಸಮರ್ಥವಾಗಿ ನಿರ್ವಹಿಸುತ್ತದೆ’ ಎಂದಿತ್ತು. ಇನ್ನೊಂದಕ್ಕೆ ‘ಲಾಟ್‌ಗಳನ್ನು ಕ್ರೋಡೀಕರಿಸಿ ಸ್ಥಳಾವಕಾಶವನ್ನು ಸಮರ್ಥವಾಗಿ ನಿರ್ವಹಿಸುತ್ತದೆ’ ಎಂದಿತ್ತು. ಲಾಟ್ ಎಂದರೆ ಒಬ್ಬ ಬೆಳೆಗಾರರು ಒಂದು ಸಲ ತಂದ ಕಾಫಿ. ಮೊದಲನೆಯ ಟೂಲ್ ಚೀಲಗಳನ್ನು ಬೇರೆ ಗೋದಾಮಿಗೆ ಸಾಗಿಸುವುದಕ್ಕೆ. ಎರಡನೆಯದು ಬಲ್ಕಿಂಗ್, ಅಂದರೆ ಒಂದೇ ಗ್ರೇಡಿನ ಹಲವರ ಕಾಫಿಯನ್ನು ಒಟ್ಟಿಗೆ ಸುರಿದು ಬೆರೆಸುವುದು. ಬೆರೆಸಿದ ಮೇಲೆ ಬ್ರಹ್ಮ ಬಂದರೂ ಬೇರೆ ಮಾಡಲಾರ. ಇದು ಹೀಗಿರಬಾರದು ಎಂದು ನಾನು ಮೊದಲ ವಾರವೇ ಹೇಳಿದೆ.

“ಡಾಕ್ಯುಮೆಂಟೇಶನ್ ಕೊನೆಗೆ ನೋಡೋಣ ಮೇಡಂ. ಎಐಗೆ ಎಲ್ಲ ಅರ್ಥ ಆಗುತ್ತೆ,” ಎಂದ. ನನಗೆ ಕಂಪನಿಯ ಬ್ರೋಷರ್ ತಿದ್ದುವ ಕೆಲಸ ಕೊಟ್ಟ.

ಆ ವರ್ಕ್ಸಿನಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಬಲ್ಕಿಂಗ್ ಮಾಡುವ ದಿನ ಬೆಳೆಗಾರರೇ ಬಂದು ತಮ್ಮ ಮೊದಲ ಚೀಲದ ಹೊಲಿಗೆ ಕತ್ತರಿಸಬೇಕು. ಅದೇ ಒಪ್ಪಿಗೆ. ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ ಯಾರೂ ಬರೆದಿಟ್ಟಿರಲಿಲ್ಲ. ಪ್ರಶಾಂತನಂತೂ ಕೇಳಿಯೇ ಇರಲಿಲ್ಲ. ಕೇಳುವುದು ಅವನ ಅಂತಸ್ತಿಗೆ ಕಡಿಮೆ.

ಕೆ. ಹೊಸಕೋಟೆ ಕಡೆಯ ಸರೋಜಮ್ಮ ಆ ವರ್ಷ ಮೊದಲ ಬಾರಿ ಹಣ್ಣನ್ನು ಆರಿಸಿ ಆರಿಸಿ ಬಿಡಿಸಿ, ಬೇರೆಯಾಗಿ ಒಣಗಿಸಿ ತಂದಿದ್ದರು. ಕೊಳ್ಳುವವರು ಸ್ಯಾಂಪಲ್ ಕುಡಿದು ನೋಡಿ, ಇಡೀ ಲಾಟನ್ನು ಕೊಂಡು ಸರೋಜಮ್ಮನ ತೋಟದ ಹೆಸರಿನಲ್ಲೇ ಮಾರುವುದಾಗಿ ಒಪ್ಪಿದ್ದರು. ಲಾರಿ ಬರುವುದಷ್ಟೇ ಬಾಕಿ.

ಅಷ್ಟರಲ್ಲಿ ಗೋದಾಮು ತುಂಬಿತು. ಮ್ಯಾನೇಜರ್ ರಫೀಕ್ ಸಾಹೇಬರು ‘ಜಾಗ ಮಾಡು’ ಎಂದು ಏಜೆಂಟಿಗೆ ಬರೆದರು. ಅದು ಎರಡು ವಿವರಣೆಗಳನ್ನೂ ಓದಿ, ಬಲ್ಕಿಂಗ್ ಆರಿಸಿತು. ಸಣ್ಣ ಲಾಟುಗಳ ಪಟ್ಟಿ ಮಾಡಿ ಆರ್ಡರ್ ಕಳಿಸಿತು.

ಮರುದಿನ ಬೆಳಿಗ್ಗೆ ಸರೋಜಮ್ಮ ತಮ್ಮ ಕಾಫಿ ನೋಡಿಹೋಗಲು ಬಂದಾಗ ನಾನೂ ಅಲ್ಲೇ ಇದ್ದೆ. ಅವರ ಚೀಲಗಳಲ್ಲಿ ಅರ್ಧದಷ್ಟು ಆಗಲೇ ರಾಶಿಗೆ ಬಿದ್ದಿದ್ದವು.

“ಯಾರ್ರೀ ನನ್ ಚೀಲ ಬಿಚ್ಚಿದ್ದು? ನಾನಿನ್ನೂ ಬಂದೇ ಇಲ್ವಲ್ರೀ.”

ಸುರಿಯುತ್ತಿದ್ದ ಆಳು ಗಾಬರಿಯಾದ. “ಕಂಪ್ಯೂಟ್ರಲ್ಲಿ ಆರ್ಡರ್ ಬಂದೈತೆ ಸರೋಜಕ್ಕ. ನಿಮ್ನ ಕೇಳೇ ಕಳಿಸಿರ್ತದೆ ಅಂದ್ಕೊಂಡ್ಬುಟ್ವಿ.”

ರಫೀಕ್ ಸಾಹೇಬರು ಓಡಿಬಂದು ಕೆಲಸ ನಿಲ್ಲಿಸಿದರು. ಸರೋಜಮ್ಮ ರಾಶಿಯಿಂದ ಒಂದು ಹಿಡಿ ಎತ್ತಿಕೊಂಡು ನೋಡಿದರು. ಅದರಲ್ಲಿ ತಮ್ಮದು ಯಾವುದೆಂದು ಅವರಿಗೂ ಗೊತ್ತಾಗಲಿಲ್ಲ.

ಪ್ರಶಾಂತ ಬಂದವನೇ ತಪ್ಪನ್ನು ಏಜೆಂಟಿನ ತಲೆಗೆ ಕಟ್ಟಿದ. ಅದಕ್ಕೆ ಭ್ರಮೆಯಾಗಿದೆಯಂತೆ, ಅದರೊಳಗಿನ ಎಐ ಮಾಡೆಲ್ ತೆಗೆದು ಹೊಸದು ಹಾಕಿದರೆ ಸರಿಹೋಗುತ್ತದಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಟೂಲುಗಳ ಹೆಸರು ಮುಚ್ಚಿ, ಎರಡು ವಿವರಣೆಗಳನ್ನು ಮಾತ್ರ ಅವನ ಮುಂದಿಟ್ಟೆ.

“ಗೋದಾಮಿನಲ್ಲಿ ಜಾಗ ಮಾಡಬೇಕು. ಯಾವುದನ್ನು ಬಳಸುತ್ತೀರಿ?”

ಅವನು ಎರಡು ಸಲ ಓದಿದ. ನಂತರ ಎರಡನೆಯದರ ಮೇಲೆ ಬೆರಳಿಟ್ಟ. ತಾನೇ ಬರೆದದ್ದು, ತನಗೇ ತಿಳಿಯಲಿಲ್ಲ. ಮುಚ್ಚಿದ್ದ ಹೆಸರನ್ನು ನಾನು ಬಿಚ್ಚಿ ತೋರಿಸಿದೆ: ಬಲ್ಕಿಂಗ್. ರಫೀಕ್ ಸಾಹೇಬರು ಅವನತ್ತ ನೋಡಿ, “ಇದ್ಕೆ ನಿಮ್ನ ಬೆಂಗ್ಳೂರಿಂದ ಕರೆಸ್ಬೇಕಾಗಿತ್ತಾ ಮಾರಾಯ?” ಎಂದರು. ಬೇರೆ ಬೈಗುಳ ಬೇಕಿರಲಿಲ್ಲ.

ಅದೇ ದಿನ ವಿವರಣೆಗಳನ್ನು ನಾನು ತಿರುಗಿ ಬರೆದೆ. ಈ ಟೂಲ್ ಏನು ಮಾಡುತ್ತದೆ, ಯಾವಾಗ ಬಳಸಬಾರದು, ಬಳಸುವ ಮೊದಲು ಯಾರನ್ನು ಕೇಳಬೇಕು. ‘ಬೆರೆಸಿದ ಕಾಫಿಯನ್ನು ಮತ್ತೆ ಬೇರ್ಪಡಿಸಲಾಗದು. ಬೆಳೆಗಾರರು ಎದುರಿಗೆ ಬಂದು ಒಪ್ಪದೆ ಈ ಟೂಲನ್ನು ಬಳಸಬೇಡ. ಜಾಗ ಮಾಡಲು ಮಾತ್ರವಾದರೆ ಸಾಗಿಸುವ ಟೂಲ್ ಬಳಸು.’ ಇದರಲ್ಲಿ ಯಾವ ಪಾಂಡಿತ್ಯವೂ ಇಲ್ಲ. ಅದೇ ಏಜೆಂಟ್, ಅದೇ ಮಾಡೆಲ್. ಮುಂದಿನ ಸಲ ಗೋದಾಮು ತುಂಬಿದಾಗ ಚೀಲಗಳನ್ನು ಪಕ್ಕದ ಗೋದಾಮಿಗೆ ಕಳಿಸಿತು.

ಸರೋಜಮ್ಮನಿಗೆ ಅದರಿಂದ ಆದ ಲಾಭವೇನೂ ಇಲ್ಲ. ಅರ್ಧ ಲಾಟಿಗೆ ಲಾರಿ ಕಳಿಸಲು ಕೊಳ್ಳುವವರು ಒಪ್ಪಲಿಲ್ಲ. ಉಳಿದ ಕಾಫಿಯೂ ಎಲ್ಲರ ಕಾಫಿಯ ಜೊತೆ, ಹೆಸರಿಲ್ಲದೆ ಹೋಯಿತು. ಪ್ರಶಾಂತ ಬಡ್ತಿ ಪಡೆದು ಬೇರೆ ಪ್ರಾಜೆಕ್ಟಿಗೆ ಹೋದ. ಅಂಥವರು ಹೋಗುವುದೇ ಮೇಲಕ್ಕೆ.

ಯಂತ್ರ ಎಷ್ಟೇ ಚುರುಕಾಗಿರಲಿ, ಎಲ್ಲರಿಗೂ ಗೊತ್ತಿರುವುದನ್ನು ಅದಕ್ಕೆ ಯಾರಾದರೂ ಹೇಳಲೇಬೇಕು ಎಂದು ಈ ಕೆಲಸ ನನಗೆ ಕಲಿಸಿತು. ಹೇಳಲು ಸೋಮಾರಿಯಾದವನ ಗಂಟೇನೂ ಹೋಗುವುದಿಲ್ಲ. ಯಾರ ಗಂಟು ಹೋಗುತ್ತದೆಂಬುದನ್ನು ಲೆಕ್ಕ ಮುಗಿಸಲು ಬಂದ ದಿನ ಸರೋಜಮ್ಮನೇ ಹೇಳಿದರು. ಹೊಸ ವಿವರಣೆಯನ್ನು ಅವರು ನನ್ನಿಂದ ಓದಿಸಿ ಕೇಳಿದರು.

“ಇಷ್ಟು ಬರೆಯಾಕೆ ಎಷ್ಟೊತ್ತು ಹಿಡೀತು ಮೇಡಂ?”

“ಹತ್ತು ನಿಮಿಷ.”

“ಆ ಕಾಫಿಗೆ ನನ್ಗೆ ಒಂದ್ ವರ್ಷ ಹಿಡ್ದಿತ್ತು,” ಎಂದು ಹೇಳಿ, ಆಲೂರಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.