ಬಸಮ್ಮನ ಮಾಳಿಗೆಯ ಮೇಲೆ ಇಳಿದ ಬಂಟ

ಬಸ್ಸು ಕೆಡಬಹುದಿತ್ತು. ಓದುವ ಚಾಳೀಸು ಒಡೆಯಬಹುದಿತ್ತು. ನನ್ನ ಕಥೆಯ ಹಾಳೆಗಳು ಗಾಳಿಗೆ ಹಾರಿ ದನದ ಬಾಯಿ ಸೇರಬಹುದಿತ್ತು. ಕಥೆಯಲ್ಲಿ ಆಕಾಶಕ್ಕೆ ಏರುವವನಿಗೆ ನಿಜಾಮ ಸೀಮೆಯ ಪರವಾನಗಿ ಉಂಟೇ ಎಂದು ಪೊಲೀಸ್ ಅಮೀನರು ನನ್ನನ್ನೇ ಒಳಗೆ ಹಾಕಬಹುದಿತ್ತು. (ಊಟಕ್ಕೆ ಕೂತರೂ ತುತ್ತು ಗಂಟಲಲ್ಲಿ ಸಿಕ್ಕರೆ ಏನು ಗತಿ ಎಂದು ಯೋಚಿಸುವ ಆಸಾಮಿ ನಾನು, ನಿಮಗೆ ಗೊತ್ತೇ ಇದೆ.)

ಎಲ್ಲಕ್ಕಿಂತ ದೊಡ್ಡ ಭಯ ಬೇರೆ. ಹೆಂಗಸರು ಹಾಡು ಎತ್ತಿಬಿಟ್ಟರೆ?

ಆಳಂದದಲ್ಲಿ ಕಾಳುಕಡಿ ವ್ಯಾಪಾರದ ಸಾಹುಕಾರರೊಬ್ಬರ ಅಡತಿ ಅಂಗಡಿಯ ಅಂಗಳದಲ್ಲಿ ಹದಿನೈದು ಹೆಂಗಸರು ಮೊರ ಹಿಡಿದು ತೊಗರಿಬೇಳೆಯ ಕಲ್ಲು ಆರಿಸುತ್ತಾರೆ. ಕೈಗೆ ಕೆಲಸ, ಕಿವಿಗೆ ಬಿಡುವು. ಯಾರಾದರೂ ಏನಾದರೂ ಓದಿದರೆ ಕೇಳುತ್ತಾರೆ. ಹಿಡಿಸದಿದ್ದರೆ ಬೈಯುವುದಿಲ್ಲ. ಒಬ್ಬಳು ಬೀಸುವ ಪದ ಎತ್ತುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ, ಓದುವವನು ಎದ್ದು ಮನೆಗೆ ಹೋಗುತ್ತಾನೆ. ಎಂಥ ಮರ್ಯಾದೆಯ ಶಿಕ್ಷೆ!

ಈ ವಯಸ್ಸಿನಲ್ಲಿ ಬರೆದ ನನ್ನ ಮೊದಲ ಕಥೆಯನ್ನು ಮೊನ್ನೆ ಅಲ್ಲಿಗೆ ಒಯ್ದೆ. ಹಾಡು ಎದ್ದರೆ ಕಥೆ ಒಲೆಗೆ, ಇನ್ನೆಂದೂ ಬರೆಯುವುದಿಲ್ಲ ಎಂದು ಹೆಂಡತಿಗೆ ಹೇಳಿಯೇ ಬಸ್ಸು ಹತ್ತಿದ್ದೆ. (ಆಕೆ ಆಗಲೇ ಒಲೆ ಊದತೊಡಗಿದ್ದಳು.)

ಕಥೆಯ ಲೋಕದಲ್ಲಿ ಕೆಲವರು ಆಕಾಶದಲ್ಲಿ ಹಾರಾಡುತ್ತಾರೆ, ಉಕ್ಕಿದ ಭೀಮಾ ಹೊಳೆಯನ್ನು ಅಂಗೈಯಿಂದ ತಡೆಯುತ್ತಾರೆ. ಮಿಕ್ಕವರೆಲ್ಲ ನಮ್ಮ ನಿಮ್ಮಂಥವರು. ಹಾಗೆ ಹಾರಾಡುವವರಲ್ಲೊಬ್ಬನಾದ, ಮಣ್ಣೂರನ್ನು ಕಾಯುವ ಬಂಟ ಪ್ರತಿಸಲ ಬಂದು ದೊಪ್ಪನೆ ಇಳಿಯುವುದು ಬಸಮ್ಮನೆಂಬ ಬಡವಿಯ ಮಣ್ಣಿನ ಮಾಳಿಗೆಯ ಮೇಲೆ. ಊರು ಉಳಿಯುತ್ತದೆ, ಮಾಳಿಗೆ ಸೋರುತ್ತದೆ. ಕೊನೆಗೊಮ್ಮೆ ಅವನು ಅವಳನ್ನೇ ಹೊಳೆಯಿಂದ ಎತ್ತಿ ತರುತ್ತಾನೆ. ಅವಳು ಕೈ ಮುಗಿಯುತ್ತಾಳೆ. ಮುಗಿಯಿತು.

ಓದತೊಡಗಿದೆ. ಮಾಳಿಗೆ ಮೂರನೇ ಸಲ ಸೋರುವ ಹೊತ್ತಿಗೆ ಎಲ್ಲರಿಗೂ ಹಿರಿಯಳಾದ ನೀಲಮ್ಮ ಗಂಟಲು ಸರಿಮಾಡಿಕೊಂಡಳು. ಬಂತು ಹಾಡು ಅಂದುಕೊಂಡೆ. ಹಾಳೆ ಮಡಚುವುದೊಂದೇ ಬಾಕಿ.

"ಮಾಸ್ತರ್ರ, ಅವಂಗ ಅಂಗಳ ಕಾಣಂಗಿಲ್ಲೇನ್ರಿ?"

ಹಾಡಲ್ಲ, ಪ್ರಶ್ನೆ! ಅಷ್ಟೇ ಸಾಕಾಯಿತು, ಅಂಗಳವೇ ಎದ್ದು ಕೂತಿತು. ಹೊಳೆ ತಡೆಯುವವನಿಗೆ ಬೆಳಕಿಂಡಿ ತುಳಿಯಬಾರದೆಂಬ ಬುದ್ಧಿ ಬೇಡವೇ ಎಂದಳು ಒಬ್ಬಳು. ತಾನು ಬೇಸಿಗೆಯೆಲ್ಲ ಮಣ್ಣು ಹೊತ್ತು ಮಾಳಿಗೆ ಮಾಡಿದವಳು, ತನ್ನ ಮನೆಯ ಮೇಲೆ ಇಳಿದಿದ್ದರೆ ತೋರಿಸುತ್ತಿದ್ದೆ ಎಂದಳು ಇನ್ನೊಬ್ಬಳು. ಎಲ್ಲರನ್ನೂ ಸುಮ್ಮನಾಗಿಸಿ ನೀಲಮ್ಮ ಮುಂದೆ ಓದಿಸಿದಳು. ಬಸಮ್ಮ ಕೈ ಮುಗಿದಲ್ಲಿಗೆ ಮತ್ತೆ ತಡೆದಳು.

"ಅಕಿ ಯಾಕ ಕೈ ಮುಗೀಬೇಕ್ರಿ? ಮಣ್ಣಿನ ಬುಟ್ಟಿ ಅವನ ತಲೀ ಮ್ಯಾಲ ಹೊರಸ್ರಿ. ಹಾರ್ಕೋತ ಒಯ್ದು ಮಾಳಗಿ ಮ್ಯಾಲ ಹಾಕ್ಲಿ. ನಾವು ತುಳಿದು ಗಟ್ಟಿ ಮಾಡ್ತೇವಿ."

ನಾವು! ನನ್ನ ಕಥೆಯೊಳಗೆ ಹದಿನೈದು ಜನ ಸೀರೆಯ ಕಚ್ಚೆ ಹಾಕಿ ಮಾಳಿಗೆ ಏರಿಬಿಟ್ಟಿದ್ದರು. ತೊಡೆಯ ಮೇಲೇ ಹಾಳೆ ಇಟ್ಟು, ಪೆನ್ನು ಹಿಡಿದು, ಕೊನೆಯ ಪುಟ ಹೊಡೆದು ಹಾಕಿ ಹೊಸದಾಗಿ ಬರೆದೆ. ಗಟ್ಟಿಯಾಗಿ ಓದಿದೆ. ಬಂಟ ನಲವತ್ತು ಬುಟ್ಟಿ ಹೊತ್ತ. ಯಾರೂ ಹಾಡಲಿಲ್ಲ.

ತಪ್ಪಾಗಿದ್ದು ಒಂದೇ, ಅದೂ ಸಾಹುಕಾರರು ಬಂದು ನೋಡಿದ ಮೇಲೆ ತಿಳಿಯಿತು: ಆ ಕೊನೆಯ ಪುಟ ಓದುವಷ್ಟು ಹೊತ್ತೂ, ಆರಿಸಿದ ಕಲ್ಲನ್ನೆಲ್ಲ ಆ ಹೆಂಗಸರು ಶುದ್ಧ ಬೇಳೆಯ ರಾಶಿಗೇ ಹಾಕಿದ್ದರು.