ಹಿಂತಿರುಗದ ಡಬ್ಬಿ

ಮೂರ್ನಾಡಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ಬೇಕೆಂದರೆ ನಮ್ಮ ಎದುರುಮನೆಯ ಮನೋರಮಕ್ಕನನ್ನೇ ಕೇಳಬೇಕು. ಗಂಡ ತಿರುಮಲೇಶ್ವರ ಭಟ್ಟರು ದೇವರ ಪೂಜೆ ನೋಡಿಕೊಂಡರೆ, ಈಕೆ ಬ್ಯಾಂಕಿನವರ, ಮೇಷ್ಟ್ರುಗಳ, ಅಂಗಡಿಯವರ ಹೊಟ್ಟೆ ನೋಡಿಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬೋಜಪ್ಪನ ಆಟೋ ಬಂದು ನಿಲ್ಲುತ್ತದೆ, ಊಟಗಳು ಹತ್ತಿ ಹೊರಡುತ್ತವೆ. ಅಡುಗೆಯ ವಿಷಯದಲ್ಲಿ ಅವರದು ಮಹಾ ಹಟ. ಆ ಹಟವನ್ನು ನೋಡಿ ನಾನು ನಕ್ಕದ್ದೂ ಉಂಟು, ಅದರ ರುಚಿ ಉಂಡದ್ದೂ ಉಂಟು.

ಮೊದಲು ಊಟ ಹೋಗುತ್ತಿದ್ದುದು ಸ್ಟೀಲ್ ಕ್ಯಾರಿಯರಿನಲ್ಲಿ. ಸಂಜೆಗೆ ಅವು ಎಂಜಲಾಗಿಯೇ ಹಿಂದಕ್ಕೆ ಬರುತ್ತಿದ್ದವು. ತೊಳೆದು ಕೊಡಿ ಎಂದು ಮನೋರಮಕ್ಕ ಯಾರಿಗೂ ಹೇಳಿದವರಲ್ಲ. ಹಿತ್ತಿಲ ಕಲ್ಲಿನ ಮೇಲೆ ಕೂತು ಒಂದೊಂದನ್ನೇ ಬಿಚ್ಚಿ ನೋಡುವರು. "ಮ್ಯಾನೇಜರಿಗೆ ಹಾಗಲಕಾಯಿ ಆಗುದಿಲ್ಲ ಅಂತ ಕಾಣ್ತದೆ. ಈ ಮೇಷ್ಟ್ರು ಮೊಸರು ಮುಟ್ಲೇ ಇಲ್ಲ, ಶೀತ ಆಗಿರ್ಬೇಕು." ಮರುದಿನ ಮೇಷ್ಟ್ರಿಗೆ ಮೊಸರಿನ ಬದಲು ಮೆಣಸಿನ ಸಾರು ಹೋಗುತ್ತಿತ್ತು. ಭಟ್ಟರು ಎಂಜಲು, ಮಡಿ ಎಂದು ಗೊಣಗಿದರೆ "ಕೈ ತೊಳ್ಕೊಂಡ್ರಾಯ್ತು" ಎಂದುಬಿಡುವರು.

ಹೆಚ್ಚಿನ ಕಾಳಜಿ ರೈಟರ್ ಗಂಗಣ್ಣನವರ ಕ್ಯಾರಿಯರಿನ ಮೇಲೆ. ಶನಿವಾರಸಂತೆ ಕಡೆಯವರು, ಇಲ್ಲಿನ ಕಾಫಿ ಗೋಡೌನಿನಲ್ಲಿ ಲೆಕ್ಕ ಬರೆಯುವ ಕೆಲಸ, ಮಹಡಿಯ ಮೇಲೊಂದು ಬಾಡಿಗೆ ಕೋಣೆ, ಒಂಟಿ ಜೀವ. ಮೇಲಿಂದ ಸಕ್ಕರೆ ಕಾಯಿಲೆ. ಇದು ಬೇಕು, ಅದು ಬೇಡ ಎಂದು ಬಾಯಿಬಿಟ್ಟು ಹೇಳುವ ಜನವಲ್ಲ. ಒಮ್ಮೆ ಅವರ ಪಲ್ಯ ಹಾಗೆಯೇ ಉಳಿದು ಬಂದಾಗ ಹಲ್ಲುನೋವಿರಬೇಕೆಂದು ಊಹಿಸಿ ಮನೋರಮಕ್ಕ ಗಂಜಿ ಕಳಿಸಿದ್ದರು. ಊಹೆ ಸರಿಯಾಗಿಯೇ ಇತ್ತು.

ಹೋದ ಮಳೆಗಾಲದಲ್ಲಿ ಮನೋರಮಕ್ಕನ ಕೈಬೆರಳುಗಳು ಸೋಪಿನ ನೀರಿಗೆ ಸೀಳಿ ರಕ್ತ ಬರತೊಡಗಿತು. ಸೊಸೆ ನವ್ಯಾ ಮಡಿಕೇರಿಯಿಂದ ತರಾವರಿ ಡಬ್ಬಿಗಳನ್ನು ತಂದು ಮುಂದಿಟ್ಟಳು. "ಅತ್ತೆ, ಸಾಕು ಈ ತಿಕ್ಕೋ ಕೆಲಸ. ತಿಂದು ಬಿಸಾಡ್ಲಿ."

ಮನೋರಮಕ್ಕ ಡಬ್ಬಿ ಆರಿಸಿದ್ದನ್ನು ನೋಡಬೇಕಿತ್ತು. ಹೆಣ್ಣು ನೋಡಲು ಬಂದವರೂ ಅಷ್ಟು ಕೂಲಂಕಷವಾಗಿ ನೋಡುವುದಿಲ್ಲ. ಕರಿ ಪ್ಲಾಸ್ಟಿಕ್ಕಿಗೆ ಕುದಿಯುವ ಸಾರು ಹೊಯ್ದು ಮೂಸಿ, ಮುಖ ಕಿವುಚಿ ಆಚೆ ತಳ್ಳಿದರು. ಬೆಳ್ಳಿಹಾಳೆಯ ಡಬ್ಬಿಯಲ್ಲಿ ಹುಣಸೆ ಗೊಜ್ಜು ಇಟ್ಟು, ರುಚಿ ಕೆಟ್ಟಿತೆಂದು ಅದನ್ನೂ ಬಿಟ್ಟರು. ಅಡಿಕೆ ಹಾಳೆ ಇಷ್ಟವಾಯಿತು, ಆದರೆ ಮುಚ್ಚಳ ಕೂರಲಿಲ್ಲ. ಕೊನೆಗೆ ಗೆದ್ದದ್ದು ಕಬ್ಬಿನ ಸಿಪ್ಪೆಯ ಡಬ್ಬಿ. ಅದರಲ್ಲಿ ಮಜ್ಜಿಗೆ ಹುಳಿ ಹಾಕಿ ಸಂಜೆಯವರೆಗೆ ಕಾದರು, ಸೋರಲಿಲ್ಲ. ಮಣ್ಣಿಗೆ ಹಾಕಿದರೆ ಗೊಬ್ಬರವಾಗುತ್ತದೆ ಎಂದು ಕೇಳಿದ ಮೇಲಂತೂ ಸಮಾಧಾನವೋ ಸಮಾಧಾನ. ಕ್ಯಾರಿಯರುಗಳು ಅಟ್ಟ ಸೇರಿದವು. ಗಿರಾಕಿಗಳಿಗೂ ಖುಷಿ, ಬೋಜಪ್ಪನಿಗೂ ಸಂಜೆಯ ಸುತ್ತಾಟ ಉಳಿಯಿತು. ಮನೋರಮಕ್ಕನ ಬೆರಳುಗಳ ಗಾಯ ಮಾಗಿತು.

ಮಳೆ ಬಿಟ್ಟು ಕಾಫಿ ಹಣ್ಣಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಬೋಜಪ್ಪ ಏದುಸಿರು ಬಿಡುತ್ತಾ ಬಂದ. "ಅಕ್ಕಾ, ರೈಟ್ರು ಗೋಡೌನಲ್ಲಿ ಬಿದ್ದುಬಿಟ್ರು. ಎಚ್ಚರ ಇಲ್ಲ. ಮಡಿಕೇರಿಗೆ ಕರ್ಕೊಂಡು ಹೋಗಿದ್ದಾರೆ."

ಮನೋರಮಕ್ಕನ ಜೊತೆ ನಾನೂ ಹೋದೆ. ಗಂಗಣ್ಣನವರಿಗೆ ಅಷ್ಟರಲ್ಲಿ ಎಚ್ಚರವಾಗಿತ್ತು, ಕೈಗೆ ಡ್ರಿಪ್ಸ್ ಹಾಕಿದ್ದರು. ಡಾಕ್ಟರು ನಮ್ಮನ್ನು ಮನೆಯವರೆಂದೇ ತಿಳಿದು ಗದರಿದರು. "ಹೊಟ್ಟೆಗೆ ಏನೂ ಇಲ್ಲದೆ ಸಕ್ಕರೆ ಮಾತ್ರೆ ನುಂಗ್ತಾ ಇದ್ರೆ ಇನ್ನೇನಾಗುತ್ತೆ? ಎಷ್ಟು ದಿನದಿಂದ ಸರಿಯಾಗಿ ತಿಂದಿಲ್ಲ ಇವರು?"

ಮನೋರಮಕ್ಕ ಬಿಳಿಚಿಹೋದರು. ದಿನಾ ಊಟ ಕಳಿಸಿದ್ದಾರೆ, ದಿನಾ ಡಬ್ಬಿ ತುಂಬಾ ಕಳಿಸಿದ್ದಾರೆ.

"ಬಾಯೆಲ್ಲಾ ಹುಣ್ಣಾಗಿತ್ತು ಕಣಮ್ಮ," ಎಂದರು ಗಂಗಣ್ಣ. "ಸಾರು ತಾಗಿದ್ರೆ ಪ್ರಾಣ ಹೋಗೋದು. ಅಲ್ಲೇ ನಾಯಿಗಳಿಗೆ ಹಾಕ್ಬಿಡ್ತಿದ್ದೆ."

"ಒಂದು ಮಾತು ಹೇಳ್ಬಾರ್ದಿತ್ತಾ ಗಂಗಣ್ಣಾ?"

"ಕೈಯೆಲ್ಲಾ ಒಡ್ಕೊಂಡಿತ್ತಂತಲ್ಲ ನಿಮ್ಗೆ. ಅದಕ್ಕೇ ತಾನೇ ಡಬ್ಬಿ ಮಾಡಿದ್ದು? ಮತ್ತೆ ನನ್ನದೊಂದು ಬೇರೆ ಅಡ್ಗೆ ಅಂತ ಯಾಕೆ ಹೇಳೋದು." ಅಷ್ಟಕ್ಕೇ ನಿಲ್ಲಿಸಲಿಲ್ಲ ಪುಣ್ಯಾತ್ಮ. ಸಮಾಧಾನ ಮಾಡಲು ಹೋಗಿ, "ಡಬ್ಬಿ ಚೆನ್ನಾಗಿತ್ತಮ್ಮ, ಒಂದು ತೊಟ್ಟೂ ಸೋರ್ಲಿಲ್ಲ" ಎಂದರು.

ಮನೋರಮಕ್ಕ ವಾರ್ಡಿನಲ್ಲೇ ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಬರುವಾಗ ಬಸ್ಸಿನಲ್ಲಿ ನಾನು ಹೇಳುವುದನ್ನೆಲ್ಲಾ ಹೇಳಿದೆ. ವಿಷ ಹಾಕಿದಿರಾ, ಹಳಸಿದ್ದು ಕೊಟ್ಟಿರಾ, ಮಾತಾಡದೆ ಕೂತದ್ದು ಅವರ ತಪ್ಪು ಎಂದೆ. ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇದ್ದರು. "ಬಿಸಿಗೆ ತಡೆಯುತ್ತದಾ ನೋಡಿದೆ, ಹುಳಿಗೆ ತಡೆಯುತ್ತದಾ ನೋಡಿದೆ. ನನಗೆ ಕೈನೋವು ತಪ್ಪಿದ್ದೇ ದೊಡ್ಡದಾಯ್ತು. ಊಟ ಮಾರಿದೆ ಅಷ್ಟೇ ನಾನು, ಯಾರು ಉಂಡರು ಅಂತ ನೋಡ್ಲಿಲ್ಲ." ತಪ್ಪಿಲ್ಲದವರಿಗೆ ಇಷ್ಟು ನೋವಾಗುವುದು ನೋಡಿದರೆ ನನಗೆ ಯಾರ ಮೇಲೋ ಸಿಟ್ಟು ಬರುತ್ತದೆ.

ಮಾರನೆಯ ದಿನವೇ ಅಟ್ಟದಿಂದ ಕ್ಯಾರಿಯರುಗಳು ಇಳಿದವು. ಸಂಜೆಯವರೆಗೆ ಕ್ಯಾರಿಯರು ಕಾದಿಟ್ಟುಕೊಳ್ಳುವುದು ಕಷ್ಟವೆಂದು ಕೆಲವು ಗಿರಾಕಿಗಳು ಊಟವನ್ನೇ ಬಿಟ್ಟರು. ನವ್ಯಾ ತಲೆ ಚಚ್ಚಿಕೊಂಡಳು. ಮನೋರಮಕ್ಕ ಕೈಗೆ ಎಣ್ಣೆ ಸವರಿಕೊಂಡು ಹಿತ್ತಿಲ ಕಲ್ಲಿನ ಮೇಲೆ ಮತ್ತೆ ಕೂತರು.

ಆದರೆ ಊರಿಗೆಲ್ಲಾ ವಿಷಯ ಹಬ್ಬಿತ್ತು. ಮನೋರಮಕ್ಕನ ಕೈಯ ಸುದ್ದಿ, ಆಸ್ಪತ್ರೆಯಲ್ಲಿ ಅತ್ತ ಸುದ್ದಿ, ಎರಡೂ. ಪಾಪ, ಇನ್ನೂ ಯಾಕೆ ಅವರಿಗೆ ಕಷ್ಟ ಕೊಡುವುದೆಂದು ಬ್ಯಾಂಕಿನವರು ಕ್ಯಾರಿಯರು ತೊಳೆದು ಕಳಿಸತೊಡಗಿದರು. ಮೇಷ್ಟ್ರೂ ತೊಳೆದು ಕಳಿಸಿದರು. ಬೇಡವೆಂದು ಮನೋರಮಕ್ಕ ಬೋಜಪ್ಪನ ಬಳಿ ಎಷ್ಟು ಹೇಳಿ ಕಳಿಸಿದರೂ ಸಂಕೋಚಕ್ಕೆಂದು ತಿಳಿದು ಇನ್ನಷ್ಟು ಉಜ್ಜಿ ಕಳಿಸಿದರು.

ಗಂಗಣ್ಣ ಗುಣವಾಗಿ ಬಂದ ಮೊದಲ ದಿನ ಮನೋರಮಕ್ಕ ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ ತೊವ್ವೆ ಕಳಿಸಿದರು. ಸಂಜೆ ನಾನು ಹಾಲಿಗೆಂದು ಎದುರುಮನೆಗೆ ಹೋದಾಗ ಬೋಜಪ್ಪ ಆಗಷ್ಟೇ ಗಂಗಣ್ಣನವರ ಕ್ಯಾರಿಯರು ಕೊಟ್ಟು ಹೋಗಿದ್ದ. ಅವರು ಗಡಿಬಿಡಿಯಲ್ಲಿ ಅದನ್ನು ಬಿಚ್ಚಿದರು. ಮೂರು ಬಟ್ಟಲೂ ಫಳಫಳ ಹೊಳೆಯುತ್ತಿದ್ದವು, ಒಂದಗುಳಿಲ್ಲ. ಯಾವತ್ತೂ ಕ್ಯಾರಿಯರು ತೊಳೆಯದ ಮನುಷ್ಯ ಬೂದಿ ಹಾಕಿ ತಿಕ್ಕಿದ್ದರು.

ಮನೋರಮಕ್ಕ ಬಟ್ಟಲನ್ನು ಬೆಳಕಿಗೆ ಹಿಡಿದು ಒಳಗೆ ಬೆರಳಾಡಿಸಿದರು, ಮೂಗಿನ ಹತ್ತಿರ ತಂದು ಮೂಸಿದರು. ಆಮೇಲೆ ನನ್ನ ಮುಂದೆ ಹಿಡಿದರು.

"ನೀನೇ ನೋಡು. ಉಂಡಿದ್ದಾರಾ?"